ಕಡಲಾಚೆಯ ಆಟಿಕೆಯೂ ಶ್ರಾವಕನ ಅಳತೆಯೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ದಿಗ್ವ್ರತ, ದೇಶವ್ರತಗಳನ್ನು ಇಂದಿನ ಗೃಹಸ್ಥರು ಬಹುಮಟ್ಟಿಗೆ ಹೆಸರಿನಿಂದ ಮಾತ್ರ ಬಲ್ಲರು. ಯಾವ ದಿಕ್ಕಿನಲ್ಲಿ ಎಷ್ಟು ದೂರದವರೆಗೆ ತನ್ನ ವ್ಯವಹಾರ ಎಂದು ಬಾಳಿನುದ್ದಕ್ಕೂ ಗೆರೆ ಹಾಕಿಕೊಳ್ಳುವುದು ದಿಗ್ವ್ರತ. ಆ ಗೆರೆಯೊಳಗೆ ಇನ್ನೂ ಕಿರಿದಾದ ಗೆರೆಯನ್ನು ನಿಯತ ಕಾಲಕ್ಕೆ ಹಾಕಿಕೊಳ್ಳುವುದು ದೇಶವ್ರತ. ವಿಮಾನ, ದೂರವಾಣಿ, ಅಂತರಜಾಲಗಳ ಈ ಕಾಲದಲ್ಲಿ ಇವು ಬಳಕೆ ತಪ್ಪಿದ ನಿಯಮಗಳೆಂದು ತೋರಬಹುದು. ಆದರೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದೇಶವ್ರತದ ಅತಿಚಾರಗಳನ್ನು ಎಣಿಸುವಾಗ ಮೊದಲು ಹೆಸರಿಸಿರುವುದು ಆನಯನವನ್ನು. ಎಂದರೆ ತಾನು ಗೆರೆ ದಾಟದೆ, ಗೆರೆಯಾಚೆಯ ವಸ್ತುವನ್ನು ತರಿಸಿಕೊಳ್ಳುವುದನ್ನು. ಎರಡನೆಯದು ಪ್ರೇಷ್ಯಪ್ರಯೋಗ, ತನಗೆ ಬದಲಾಗಿ ಬೇರೊಬ್ಬನನ್ನು ಕಳುಹಿಸಿ ಕೆಲಸ ಮಾಡಿಸುವುದು. ಕಾಲು ಹೊಸ್ತಿಲೊಳಗಿದ್ದರೂ ಆಸೆಯು ಕಡಲು ದಾಟಬಲ್ಲದೆಂಬುದನ್ನು ಆಚಾರ್ಯರು ಅಂದೇ ಕಂಡಿದ್ದರು.

ಈ ಆನಯನಕ್ಕೆ ಇಂದಿನ ಒಂದು ಉದಾಹರಣೆಯೆಂದರೆ ಸಂಗ್ರಹಕ್ಕಾಗಿಯೇ ಹೊರದೇಶಗಳಿಂದ ತರಿಸುವ ಆಟಿಕೆಗಳು. ಡೆನ್ಮಾರ್ಕಿನ ಬಿಲ್ಲುಂಡ್‌ನಲ್ಲಿ 1932ರಲ್ಲಿ ಒಬ್ಬ ಬಡಗಿಯು ಮರದ ಆಟಿಕೆಗಳಿಂದ ಆರಂಭಿಸಿದ ಲೆಗೋ ಸಂಸ್ಥೆಯ ಜೋಡಣೆಯ ಇಟ್ಟಿಗೆಗಳನ್ನು ಎಲ್ಲರೂ ಬಲ್ಲರು. ಅದರ ಅನೇಕ ಸೆಟ್ಟುಗಳು ಕೆಲವು ವರ್ಷಗಳ ನಂತರ ಮಾರಾಟದಿಂದ ಹಿಂದೆ ಸರಿಯುತ್ತವೆ. ಆಗ ತೆರೆಯದೆ ಉಳಿದ ಪೆಟ್ಟಿಗೆಗಳ ಬೆಲೆ ಏರುವುದುಂಟು. ಚೀನದ ಪಾಪ್ ಮಾರ್ಟ್ ಸಂಸ್ಥೆಯು ಮಾರುವ ಲಬುಬು ಗೊಂಬೆಗಳಲ್ಲಿ ಅನೇಕವು ಮುಚ್ಚಿದ ಪೆಟ್ಟಿಗೆಯಲ್ಲಿ ಬರುತ್ತವೆ. ಒಳಗೆ ಯಾವುದಿದೆಯೆಂದು ತೆರೆಯುವವರೆಗೂ ತಿಳಿಯದು. 2025ರ ಜೂನ್‌ನಲ್ಲಿ ಬೀಜಿಂಗಿನ ಹರಾಜಿನಲ್ಲಿ ಆಳೆತ್ತರದ ಇಂಥ ಒಂದು ಗೊಂಬೆಯು 10.8 ಲಕ್ಷ ಯುವಾನ್‌ಗೆ, ಎಂದರೆ ಒಂದು ಕೋಟಿ ರೂಪಾಯಿಗೂ ಮಿಕ್ಕ ಬೆಲೆಗೆ ಮಾರಾಟವಾಯಿತು.

ಇದು ಮಹಾನಗರಗಳ ಶೋಕಿ, ಹಳ್ಳಿಗೆ ಸಂಬಂಧಿಸಿದ್ದಲ್ಲ ಎನ್ನುವಂತಿಲ್ಲ. ಅಣ್ಣಿಗೇರಿ, ನವಲಗುಂದಗಳ ಎರೆಹೊಲದ ಮನೆಗಳಿಂದಲೂ ಕುಂದಗೋಳ, ಕಲಘಟಗಿಗಳ ಅಂಗಡಿಕಾರರ ಮನೆಗಳಿಂದಲೂ ಓದಿದ ಮಕ್ಕಳು ಬೆಂಗಳೂರಿಗೆ, ಅಲ್ಲಿಂದ ಹೊರದೇಶಗಳಿಗೆ ಹೋಗುತ್ತಿದ್ದಾರೆ. ಹೀಗೊಂದು ಮನೆಯನ್ನು ಊಹಿಸಬಹುದು. ಅಣ್ಣ ಊರಲ್ಲಿದ್ದು ಕಡಲೆ, ಮೆಣಸಿನಕಾಯಿ ಬೆಳೆಯುತ್ತಾನೆ. ಹೊರದೇಶದಲ್ಲಿರುವ ತಮ್ಮನು ತಾನು ಕೊಂಡ ಸೆಟ್ಟುಗಳನ್ನು ಅಣ್ಣನ ಹೆಸರಿಗೆ ಕಳುಹಿಸುತ್ತಾನೆ. ಪಾರ್ಸೆಲ್ಲಿನ ಮೇಲೆ ‘ಉಡುಗೊರೆ’ ಎಂದೂ ನಿಜ ಬೆಲೆಯ ಕಾಲು ಭಾಗವನ್ನೂ ಬರೆದಿರುತ್ತದೆ. ಕೇಳಿದವರಿಗೆ ಅಣ್ಣನು ಹಾಗೆಯೇ ಹೇಳಬೇಕು. ಪೆಟ್ಟಿಗೆಗಳು ಮಾಳಿಗೆಯ ಕಪಾಟನ್ನು ಸೇರುತ್ತವೆ. ಆರು ವರ್ಷದ ಮಗನು ಕೈ ಚಾಚಿದರೆ ಅಣ್ಣನು, “ಮುಟ್ಟಬ್ಯಾಡಪಾ, ಕಾಕಾಂದು ಅದು. ಆಡೂದಕ್ಕಲ್ಲ” ಎನ್ನುತ್ತಾನೆ. ಮಗು ಕೇಳುತ್ತದೆ: “ಹಂಗಾರ ಅದು ಯಾತಕ್ಕಪ್ಪಾ?”

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು, ಪೆಟ್ಟಿಗೆ ನಡೆದು ಬಂದ ದಾರಿಯನ್ನು ನೋಡಬೇಕು. ಆಟಿಕೆಗಳ ಮೂಲ ಆಮದು ಸುಂಕವನ್ನು ಭಾರತ ಸರ್ಕಾರವು 2020ರಲ್ಲಿ ಶೇ. 20ರಿಂದ ಶೇ. 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಿತು. ಉಡುಗೊರೆಯ ಹೆಸರಿನಲ್ಲಿ ಸುಂಕವಿಲ್ಲದೆ ಅಂಚೆ, ಕೊರಿಯರ್ ಮೂಲಕ ತರಿಸುವ ಅವಕಾಶವನ್ನು, ಜೀವರಕ್ಷಕ ಔಷಧ ಮತ್ತು ರಾಖಿಗಳ ಹೊರತು, 2019ರ ಡಿಸೆಂಬರಿನಲ್ಲಿ ಮುಚ್ಚಲಾಯಿತು. ಈ ಸುಂಕವು ಹೆಚ್ಚೋ ಕಡಿಮೆಯೋ ಎಂಬುದು ಅರ್ಥಶಾಸ್ತ್ರದ ಚರ್ಚೆ. ಶ್ರಾವಕನ ಮುಂದಿರುವ ಪ್ರಶ್ನೆ ಬೇರೆ. ಸುಳ್ಳು ಬರಹವನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಎಂದು ಎಣಿಸಲಾಗಿದೆ. ರಾಜ್ಯದ ಕಟ್ಟಳೆಯನ್ನು ಮೀರಿ ಸರಕು ಸಾಗಿಸುವುದು ಅಚೌರ್ಯಾಣುವ್ರತದ ಅತಿಚಾರ; ಅದರ ಹೆಸರು ವಿರುದ್ಧರಾಜ್ಯಾತಿಕ್ರಮ. ಅಸಲಿನ ಬೆಲೆ ಹೆಚ್ಚಾಯಿತೆಂದು ತಿಳಿದೂ ತಿಳಿದೂ ನಕಲಿಯನ್ನು ತಂದು ಅಸಲೆಂದು ಮಾರುವುದು ಪ್ರತಿರೂಪಕವ್ಯವಹಾರ. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಗೊಂಬೆಯೊಂದು ಮನೆಗೆ ಬರುವ ದಾರಿಯಲ್ಲಿ ಮೂರು ಅತಿಚಾರಗಳನ್ನು ಹೊತ್ತು ತರಬಲ್ಲದು. ಆ ಭಾರದಲ್ಲಿ ಪಾಲು ಹೊರುವವನು ಏನನ್ನೂ ಕೊಳ್ಳದ ಅಣ್ಣ. ಪ್ರೇಷ್ಯಪ್ರಯೋಗದ ನಿಜವಾದ ನೋವು ಇರುವುದು ಇಲ್ಲಿಯೇ: ಒಬ್ಬನ ಆಸೆಗಾಗಿ ಮತ್ತೊಬ್ಬನ ನಾಲಗೆ ಸುಳ್ಳಾಡಬೇಕಾಗುತ್ತದೆ. ತಮ್ಮನ ಮೇಲಿನ ಅಕ್ಕರೆಯಿಂದ ಅಣ್ಣ ಒಪ್ಪಿದರೂ ಮನೆಯ ಮಾತಿನ ತೂಕ ಅಷ್ಟರಮಟ್ಟಿಗೆ ಇಳಿಯುತ್ತದೆ.

ಸಂಗ್ರಾಹಕನ ಪಕ್ಷದಲ್ಲಿಯೂ ಹೇಳಬಹುದಾದ ಮಾತುಗಳಿವೆ. ಆತನು ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ. ತನ್ನ ದುಡಿಮೆಯ ಹಣದಲ್ಲಿ ಬಾಲ್ಯದಲ್ಲಿ ದೊರೆಯದಿದ್ದ ಒಂದು ಸಂತೋಷವನ್ನು ಕೊಳ್ಳುತ್ತಾನೆ. ನೆಟ್ಟಗೆ ಸುಂಕ ಕಟ್ಟಿ ತರಿಸಿದರೆ ಮೇಲಿನ ಆಕ್ಷೇಪಗಳೊಂದೂ ಉಳಿಯವು. ಮನೆಮನೆಯಲ್ಲಿ ಬಂಗಾರ ಕೂಡಿಡುವ ಸಮಾಜವು ಪ್ಲಾಸ್ಟಿಕ್ಕಿನ ಇಟ್ಟಿಗೆಗಳನ್ನು ಕಂಡು ಹುಬ್ಬೇರಿಸುವುದು ಯಾವ ನ್ಯಾಯ? ಈ ಮಾತು ಸುಲಭವಾಗಿ ತಳ್ಳಿಹಾಕುವಂಥದಲ್ಲ. ಪರಿಗ್ರಹದ ಮೂಲವು ವಸ್ತುವಿನಲ್ಲಿಲ್ಲ, ವಸ್ತುವಿನ ಮೇಲಿನ ಮೂರ್ಛೆಯಲ್ಲಿದೆ ಎಂಬುದೇ ಜೈನಾಚಾರ್ಯರ ನಿಲುವು. ಆ ದೃಷ್ಟಿಯಿಂದ ತಿಜೋರಿಯ ಬಂಗಾರವೂ ಕಪಾಟಿನ ಗೊಂಬೆಯೂ ಒಂದೇ ವಿಚಾರಣೆಗೆ ಒಳಪಡಬೇಕು.

ಆಟಿಕೆಯಲ್ಲಿ ಮೂರ್ಛೆಯು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ, ಏಕೆಂದರೆ ಆಟಿಕೆಯನ್ನು ಮಾಡಿರುವುದೇ ಆಡುವುದಕ್ಕಾಗಿ. ಪೆಟ್ಟಿಗೆಯನ್ನು ತೆರೆದೊಡನೆ ಬೆಲೆ ಇಳಿಯುತ್ತದೆಂಬ ಭಯವು ಒಡೆಯನ ಕೈಯನ್ನೂ ಮಗುವಿನ ಕೈಯನ್ನೂ ಒಟ್ಟಿಗೆ ಕಟ್ಟಿಹಾಕುತ್ತದೆ. 1990ರ ದಶಕದಲ್ಲಿ ಅಮೆರಿಕದಲ್ಲಿ ಬೀನಿ ಬೇಬಿ ಎಂಬ ಪುಟ್ಟ ಬಟ್ಟೆಗೊಂಬೆಗಳನ್ನು ಮುಂದೆ ಬೆಲೆ ಬರುವುದೆಂದು ಜನರು ರಾಶಿ ಹಾಕಿದರು. 1999ರಲ್ಲಿ ಲಾಸ್ ವೇಗಸ್ಸಿನ ನ್ಯಾಯಾಲಯದಲ್ಲಿ ವಿಚ್ಛೇದಿತ ದಂಪತಿಗಳು ನೆಲದ ಮೇಲೆ ಕುಕ್ಕರಿಸಿ ಆ ಗೊಂಬೆಗಳನ್ನು ಒಂದೊಂದಾಗಿ ಹಂಚಿಕೊಂಡ ಚಿತ್ರವು ಪತ್ರಿಕೆಗಳಲ್ಲಿ ಬಂದಿತು. ಮುಂದೆ ಹೆಚ್ಚಿನ ಗೊಂಬೆಗಳ ಬೆಲೆ ಕುಸಿಯಿತು. ಇನ್ನು ಒಳಗಿರುವುದನ್ನು ಕಾಣದೆ, ಅಪರೂಪದ್ದೊಂದು ದೊರೆಯಲೆಂದು ಮತ್ತೆ ಮತ್ತೆ ಪೆಟ್ಟಿಗೆ ಕೊಳ್ಳುವ ಪದ್ಧತಿಗೂ ಸಪ್ತವ್ಯಸನಗಳಲ್ಲಿ ಒಂದಾದ ದ್ಯೂತಕ್ಕೂ ಇರುವ ನಂಟನ್ನು ತಂದೆತಾಯಿಗಳು ಗಮನಿಸಬೇಕು. ಇಸ್ಪೀಟು ಮುಟ್ಟದ ಕೈಗೂ ಈ ಚಟ ಅಂಟಬಲ್ಲದು.

“ಎಷ್ಟಾದರೂ ಆಟಿಕೆಯಲ್ಲವೇ” ಎಂಬ ಸಮಾಧಾನಕ್ಕೆ ಕನ್ನಡದ ಶ್ರಾವಕರು ಬೇರೆಡೆ ಉತ್ತರ ಹುಡುಕಬೇಕಾಗಿಲ್ಲ. ಜನ್ನ ಕವಿಯು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ಬಲಿಯಾದದ್ದು ಜೀವವಿದ್ದ ಕೋಳಿಯಲ್ಲ, ಹಿಟ್ಟಿನ ಕೋಳಿ. ಆದರೂ ಸಂಕಲ್ಪವು ಹಿಂಸೆಯದಾಗಿದ್ದುದರಿಂದ ಯಶೋಧರನೂ ತಾಯಿ ಚಂದ್ರಮತಿಯೂ ಭವಭವಗಳಲ್ಲಿ ತೊಳಲಬೇಕಾಯಿತು. ವಸ್ತುವು ಹಿಟ್ಟಿನದೋ ಪ್ಲಾಸ್ಟಿಕ್ಕಿನದೋ ಎಂಬುದರಿಂದ ಕರ್ಮಬಂಧವು ಹಗುರವಾಗದು. ಅದರ ಹಿಂದಿನ ಭಾವವನ್ನು ಲೆಕ್ಕ ಹಿಡಿಯಬೇಕು.

ಹಾಗೆಂದು ಬೆಲೆಬಾಳುವ ಸುಂದರ ವಸ್ತುವೆಲ್ಲ ತ್ಯಾಜ್ಯವೆಂದಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲನ್ನು ಉತ್ತರ ಕರ್ನಾಟಕದಲ್ಲಿ ಅರಿಯದವರಿಲ್ಲ. ಮಗಳ ಚೊಚ್ಚಲ ಕೂಸಿಗೆ ತವರಿನವರು ಮಾಡಿಸಿ ಕಳುಹಿಸುವ ಈ ಚಿತ್ತಾರದ ತೊಟ್ಟಿಲು ಅಗ್ಗದ್ದಲ್ಲ. ಅದನ್ನು ತರಲೆಂದು ದೂರದೂರದವರು ಕಲಘಟಗಿಗೆ ಬರುತ್ತಾರೆ. ಆದರೆ ಬಣ್ಣ ಮಾಸೀತೆಂದು ಕೂಸನ್ನು ಮಲಗಿಸದೆ ಅದನ್ನು ಮುಚ್ಚಿಟ್ಟವರಿಲ್ಲ. ಒಂದು ಕೂಸು ಇಳಿದರೆ ಮತ್ತೊಂದು ಏರುತ್ತದೆ. ಅಕ್ಕನ ಮನೆಯಿಂದ ತಂಗಿಯ ಮನೆಗೆ ಸಾಗುತ್ತದೆ. ಬಳಸಿದಷ್ಟೂ ಮನೆಯವರಿಗೆ ಅದರ ಬೆಲೆ ಹೆಚ್ಚು.

ಆದ್ದರಿಂದ ಕಡಲಾಚೆಯ ಆಟಿಕೆಗೂ ಇದೇ ಅಳತೆ ಸಾಕು. ಕೊಳ್ಳುವ ಮೊದಲೇ ವರ್ಷಕ್ಕೆ ಇಷ್ಟು ಎಂದು ಪರಿಮಾಣ ಮಾಡಿಕೊಳ್ಳುವುದು. ಕೊಂಡ ನಂತರ ಮಾಡಿದ ಲೆಕ್ಕವು ಪರಿಮಾಣವಾಗದು. ಪಾರ್ಸೆಲ್ಲಿನ ಮೇಲೆ ನಿಜವನ್ನೇ ಬರೆಯಿಸಿ, ತಗಲುವ ಸುಂಕವನ್ನು ತೆತ್ತು ತರುವುದು. ತೆರಲಾಗದಿದ್ದರೆ ಆ ಆಸೆಯನ್ನು ಅಲ್ಲಿಗೇ ಬಿಡುವುದು. ತನ್ನ ಸರಕಿಗಾಗಿ ಮನೆಯ ಮತ್ತೊಬ್ಬರಿಂದ ಸುಳ್ಳಾಡಿಸದಿರುವುದು. ಮನೆಗೆ ಬಂದ ಆಟಿಕೆಯನ್ನು ತೆರೆದು ಮಕ್ಕಳ ಕೈಗೆ ಕೊಡುವುದು. ದಶಲಕ್ಷಣ ಪರ್ವದಲ್ಲಿ ಉತ್ತಮ ಆಕಿಂಚನ್ಯದ ದಿನ ಬಸದಿಯಲ್ಲಿ ಪ್ರವಚನವಾದ ಮೇಲೆ ಪ್ರತಿಯೊಂದು ಮನೆಯವರೂ ಬಂಗಾರ, ಬಟ್ಟೆ, ಆಟಿಕೆಗಳಿಗೆ ಬರುವ ವರ್ಷದ ಅಳತೆಯನ್ನು ಬರೆದಿಟ್ಟುಕೊಳ್ಳುವ ರೂಢಿಯನ್ನು ಬಸದಿಗಳ ಟ್ರಸ್ಟುಗಳು ಆರಂಭಿಸಬಹುದು. ಅದನ್ನು ಯಾರಿಗೂ ತೋರಿಸಬೇಕಾಗಿಲ್ಲ. ಮುಂದಿನ ಪರ್ವದಲ್ಲಿ ಬರೆದವರೇ ತೆರೆದು ಓದಿಕೊಂಡರೆ ಸಾಕು.