ಮಾಂಸದಂಗಡಿಯ ಬೇಹುಗಾರ

1974ರ ಬಾಂಡ್ ಚಿತ್ರ ‘ದಿ ಮ್ಯಾನ್ ವಿತ್ ದ ಗೋಲ್ಡನ್ ಗನ್’ನಲ್ಲಿ ಹಾಂಗ್‌ಕಾಂಗ್ ಸ್ವಲ್ಪ ಹೊತ್ತು ಕಾಣಿಸುತ್ತದೆ. ಎರಡು ವರ್ಷ ಮೊದಲು ಬೆಂಕಿಗೆ ಸಿಕ್ಕಿ ಅಲ್ಲಿನ ಬಂದರಿನಲ್ಲಿ ಮಗ್ಗುಲಾಗಿ ಬಿದ್ದಿದ್ದ ‘ಕ್ವೀನ್ ಎಲಿಜಬೆತ್’ ಹಡಗಿನ ಒಡಲಲ್ಲಿ ಬ್ರಿಟಿಷ್ ಬೇಹುಗಾರರ ಗುಪ್ತ ಕಚೇರಿ ಇದೆಯೆಂದು ಚಿತ್ರ ಕಲ್ಪಿಸಿಕೊಳ್ಳುತ್ತದೆ. ಆ ಊರಿನ ಜನಕ್ಕೆ ಅದರಲ್ಲಿ ಹೆಚ್ಚು ಕೆಲಸವಿಲ್ಲ. ನಾಯಕ ಬರುತ್ತಾನೆ, ಹೋಗುತ್ತಾನೆ. ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ಊರು ತನ್ನದೇ ಬೇಹುಗಾರನೊಬ್ಬನನ್ನು ತೆರೆಗೆ ತಂದಿತು. ಚಿನ್ನದ ಪಿಸ್ತೂಲು ಈ ಸಲವೂ ಖಳನ ಕೈಯಲ್ಲೇ ಇತ್ತು. ನಾಯಕನ ಕೈಯಲ್ಲಿದ್ದದ್ದು ಹಂದಿ ಮಾಂಸ ಕಡಿಯುವ ಮಚ್ಚು.

ಆ ಚಿತ್ರ, 1994ರ ‘ಫ್ರಮ್ ಬೀಜಿಂಗ್ ವಿತ್ ಲವ್’. ಸ್ಟೀಫನ್ ಚೌ ನಾಯಕ. ಲೀ ಲಿಕ್-ಚಿ ಜೊತೆಗೂಡಿ ನಿರ್ದೇಶಿಸಿದವನೂ ಅವನೇ. ನಿರ್ದೇಶಕನಾಗಿ ಅವನ ಹೆಸರು ತೆರೆಯ ಮೇಲೆ ಬಂದದ್ದು ಇದೇ ಮೊದಲು. ಚೀನಾದ ಮುಖ್ಯಭೂಮಿಯಲ್ಲಿ ಡೈನೋಸಾರ್ ತಲೆಬುರುಡೆಯ ಪಳೆಯುಳಿಕೆ ಕಳವಾಗುತ್ತದೆ. ಅದನ್ನು ಹುಡುಕಿ ತರಲು ಸರ್ಕಾರಿ ಬೇಹುಗಾರಿಕೆಯ ಮೂಲೆಯಲ್ಲಿ ಮರೆತೇಹೋಗಿದ್ದ ಒಬ್ಬನಿಗೆ ಕರೆ ಬರುತ್ತದೆ. ಅವನೇ ಲಿಂಗ್ ಲಿಂಗ್ ಚಾಟ್. ಎಂದೋ ಬರಬೇಕಿದ್ದ ಆ ಕರೆಗೆ ಕಾಯುತ್ತಾ ಬೀದಿಬದಿಯಲ್ಲಿ ಮಾಂಸ ಮಾರಿಕೊಂಡಿದ್ದವನು. ಕುರುಚಲು ಗಡ್ಡ, ದುಃಖ ಇಳಿದ ಕಣ್ಣು. ಮಾಂಸದ ಕೊರಡಿನ ಪಕ್ಕದಲ್ಲೇ ಗಂಭೀರವಾಗಿ ಮಾರ್ಟಿನಿ ಬೆರೆಸಿ ಕುಡಿಯುತ್ತಾನೆ. ಪ್ರೇಕ್ಷಕ ನಗುತ್ತಾನೆ. ಅವನು ಮಾತ್ರ ನಗುವುದಿಲ್ಲ. ತಾನು ಬೇಹುಗಾರನೆಂಬುದನ್ನು ಅವನು ಮನಸಾರೆ ನಂಬಿದ್ದಾನೆ. ಚಿತ್ರ ನಿಂತಿರುವುದೇ ಆ ನಂಬಿಕೆಯ ಮೇಲೆ.

ಬಾಂಡ್‌ನನ್ನು ತಮ್ಮವನನ್ನಾಗಿ ಮಾಡಿಕೊಂಡ ಊರುಗಳು ಬೇರೆಯೂ ಇವೆ. ನಮ್ಮಲ್ಲೇ ದೊರೆ-ಭಗವಾನ್ 1968ರಲ್ಲಿ ‘ಜೇಡರ ಬಲೆ’ ಮಾಡಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಆಗಿಸಿದರು. ಅಲ್ಲಿ ಬಾಂಡ್‌ನ ಠೀವಿಯನ್ನು ಪೂರ್ತಿ ಗೌರವದಿಂದ ನಮ್ಮ ನಾಯಕನಿಗೆ ತೊಡಿಸಲಾಗಿತ್ತು, ಕನ್ನಡದ ಪ್ರೇಕ್ಷಕರಿಗೂ ಅದೇ ಬೇಕಿತ್ತು. ಹಾಂಗ್‌ಕಾಂಗ್ 1994ರಲ್ಲಿ ಆ ಠೀವಿಯನ್ನು ಕಳಚಿ ನೋಡಿತು. ಹಾಗೆ ನೋಡಬೇಕೆನ್ನಿಸಲು ಆ ಊರಿಗೆ ಅದರದೇ ಕಾರಣಗಳಿದ್ದವು.

1984ರ ಒಪ್ಪಂದದಂತೆ 1997ರ ಜುಲೈ 1ಕ್ಕೆ ಹಾಂಗ್‌ಕಾಂಗ್ ಬ್ರಿಟನ್ನಿನ ಕೈಯಿಂದ ಚೀನಾದ ಕೈಗೆ ಹೋಗಬೇಕಿತ್ತು. ನಡುವೆ 1989ರಲ್ಲಿ ಬೀಜಿಂಗ್‌ನ ತಿಯಾನನ್‌ಮೆನ್ ಚೌಕದ ಪ್ರತಿಭಟನೆಯನ್ನು ಚೀನಾದ ಸೇನೆ ಗುಂಡಿನಿಂದ ಹತ್ತಿಕ್ಕಿತು. ಹೋಗಲು ಅನುಕೂಲವಿದ್ದವರು ಕೆನಡಾಕ್ಕೆ, ಆಸ್ಟ್ರೇಲಿಯಾಕ್ಕೆ ಹೊರಟರು. ಉಳಿದವರು ದಿನ ಎಣಿಸುತ್ತಿದ್ದರು. ಆ ಎಣಿಕೆಯ ನಡುವೆ ಬಂದ ಚಿತ್ರದಲ್ಲಿ ಒಂದು ದೃಶ್ಯವಿದೆ. ನಾಯಕನ ಮೇಲೆ ದ್ರೋಹದ ಆರೋಪ ಬಿದ್ದು, ಗುಂಡಿಕ್ಕಿ ಕೊಲ್ಲುವ ಜಾಗಕ್ಕೆ ಅವನನ್ನು ಎಳೆದೊಯ್ಯುತ್ತಾರೆ. ಪಕ್ಕದಲ್ಲಿ ಗುಂಡುಗಳು ಹಾರುತ್ತಿವೆ. ಅವನು ಅಧಿಕಾರಿಯ ಕೈಗೆ ಸ್ವಲ್ಪ ಹಣ ತುರುಕುತ್ತಾನೆ. ಅಷ್ಟೇ, ಜೀವ ಉಳಿಯುತ್ತದೆ.

ಈ ದೃಶ್ಯಕ್ಕೆ ನಗುವಾಗ ಆ ಊರಿನವರ ಎದೆಯಲ್ಲಿ ಏನಾಗಿರಬಹುದು ಎಂದು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಮೂರು ವರ್ಷದಲ್ಲಿ ತಮ್ಮನ್ನು ಆಳಲು ಬರುವವರು ತೆರೆಯ ಮೇಲಿದ್ದಾರೆ. ಅವರ ಬಂದೂಕೂ ಇದೆ, ಅವರ ಲಂಚವೂ ಇದೆ. ಭಯವನ್ನು ಎದುರಿಗೆ ಕೂರಿಸಿಕೊಂಡು ಅದರ ಮುಖವನ್ನೇ ನೋಡುತ್ತಾ ಜನ ನಕ್ಕರು. ಚಿತ್ರ ಹಾಂಗ್‌ಕಾಂಗ್‌ನಲ್ಲಿ 3.7 ಕೋಟಿ ಹಾಂಗ್‌ಕಾಂಗ್ ಡಾಲರ್ ಆಸುಪಾಸು ಗಳಿಸಿತು. ಇಷ್ಟು ಜನ ಟಿಕೆಟ್ ಕೊಂಡು ಹೋದದ್ದು ಬರೀ ಕುಚೋದ್ಯಕ್ಕಾಗಿ ಎಂದು ನನಗೆ ಅನ್ನಿಸುವುದಿಲ್ಲ.

ಕುಚೋದ್ಯವೇನೂ ಕಡಿಮೆಯಿಲ್ಲ, ನಿಜ. ಲಾ ಕಾರ್-ಯಿಂಗ್ ಮಾಡಿರುವ ವಿಜ್ಞಾನಿಯ ಪಾತ್ರವನ್ನು ಒಮ್ಮೆ ನೋಡಿದವರು ಮರೆಯಲಾರರು. ಅವನ ಹೆಸರೇ ಡಾ ವಿಂಚಿ. ಅವನು ಕೊಡುವ ಮೊಬೈಲ್ ಫೋನು ಅಸಲಿಗೆ ಗಡ್ಡ ಹೆರೆಯುವ ಯಂತ್ರ. ಗಡ್ಡ ಹೆರೆಯುವ ಯಂತ್ರ ಕೂದಲು ಒಣಗಿಸುವ ಯಂತ್ರ. ಬಿಸಿಲಿನ ಶಕ್ತಿಯಿಂದ ನಡೆಯುವ ಒಂದು ಟಾರ್ಚ್ ಕೂಡ ಇದೆ, ಬೆಳಕಿದ್ದಲ್ಲಿ ಮಾತ್ರ ಉರಿಯುತ್ತದೆ. ಲಾ ಕಾರ್-ಯಿಂಗ್ ಕ್ಯಾಂಟನೀಸ್ ಸಂಗೀತ ನಾಟಕದ ರಂಗದಿಂದ ಬಂದ ನಟ. ಆ ರಂಗದ ಗಾಂಭೀರ್ಯವನ್ನೆಲ್ಲ ತಂದು ಟಾರ್ಚಿನ ಮುಂದೆ ಇಡುತ್ತಾನೆ. ಇಂಥ ತಲೆಬುಡವಿಲ್ಲದ ಹಾಸ್ಯವನ್ನು ಅಲ್ಲಿಯವರು ‘ಮೋ ಲೇ ತಾವ್’ ಎನ್ನುತ್ತಾರೆ. ಚೌ ಅದರ ದೊಡ್ಡ ಕಲಾವಿದ.

ನಾಯಕನ ತೊಡೆಯಿಂದ ಗುಂಡು ತೆಗೆಯುವ ದೃಶ್ಯಕ್ಕೆ ಬೇರು ಇನ್ನೂ ಆಳದಲ್ಲಿದೆ. ವೈದ್ಯ ಹುವಾ ತುವೊ ಮೂಳೆ ಕೆರೆಯುತ್ತಿದ್ದರೂ ವೀರ ಗುವಾನ್ ಯು ಅಲುಗದೆ ‘ಗೋ’ ಎಂಬ ಮಣೆಯಾಟದಲ್ಲಿ ಮುಳುಗಿದ್ದನೆಂಬ ಕಥೆ ಚೀನೀಯರ ಮನೆಮಾತು. ಲಿಂಗ್ ಲಿಂಗ್ ಚಾಟ್ ನೋವು ಮರೆಯಲು ಆಟದ ಬದಲು ನೀಲಿಚಿತ್ರ ನೋಡುತ್ತಾನೆ. ಹಳೆಯ ವೀರನ ಮೇಲಿನ ಪ್ರೀತಿ ಕಳೆದುಕೊಂಡವನು ಈ ಹಾಸ್ಯ ಮಾಡಲಾರ. ಅದನ್ನು ಅರಿತವರಿಗೆ ದೃಶ್ಯ ಎರಡು ಪಟ್ಟು ಸಿಗುತ್ತದೆ. ಅರಿಯದ ಹೊರದೇಶದವನಿಗೆ ಬರೀ ಒರಟಾಗಿ ಕಾಣುತ್ತದೆ. ಚಿತ್ರದ ಬಗ್ಗೆ ಹೊರಗಿನವರ ಅಭಿಪ್ರಾಯ ಎರಡಾಗಿ ಒಡೆಯುವುದು ಇಲ್ಲೇ ಇರಬೇಕು.

ಅವರು ಎತ್ತುವ ಇನ್ನೊಂದು ಆಕ್ಷೇಪವನ್ನು ನಾನೂ ಒಪ್ಪುತ್ತೇನೆ. ಚಿತ್ರದಲ್ಲಿ ರಕ್ತ ನಿಜವಾಗಿಯೇ ಚಿಮ್ಮುತ್ತದೆ. ಈಗ ತಾನೇ ನಕ್ಕ ಬಾಯಿ ಅರ್ಧದಲ್ಲೇ ನಿಲ್ಲುವಂತೆ ಅಮಾಯಕರು ಸಾಯುತ್ತಾರೆ. ಆದರೂ ಆ ಒಡಕನ್ನು ತಿದ್ದಿದ್ದರೆ ಚಿತ್ರ ಸಪ್ಪೆಯಾಗುತ್ತಿತ್ತು. ನಾಯಕನನ್ನು ಕೊಲ್ಲಲೆಂದೇ ಬಂದ, ನಟಿ ಅನಿಟಾ ಯುವೆನ್‌ಳ ಪಾತ್ರ ಅವನಿಗೇ ಮನಸೋಲುವುದನ್ನು ನಂಬಲು ಸಾಧ್ಯವಾಗುವುದು ಅಲ್ಲಿ ಸಾವು ಸಾವಾಗಿಯೇ ಇರುವುದರಿಂದ. ಬಾರಿನಲ್ಲಿ ಪಿಯಾನೋ ಮುಂದೆ ಕೂತು ಅವನು ಹಾಡುವಾಗ ಯಾರೂ ನಗುವುದಿಲ್ಲ.

ನನ್ನನ್ನು ಹೆಚ್ಚು ತಟ್ಟಿದ್ದು ಗಡಿಯಾಚೆಯ ಕಥೆ. ಮುಖ್ಯಭೂಮಿಯ ಚಿತ್ರಮಂದಿರಗಳಿಗೆ ಚಿತ್ರ ಆಗ ಬರಲಿಲ್ಲ. ಕ್ಯಾಸೆಟ್ಟು, ವಿಸಿಡಿಗಳಲ್ಲಿ ಮನೆಮನೆಗೆ ನುಸುಳಿತು. ಮ್ಯಾಂಡರಿನ್‌ಗೆ ಡಬ್ ಆದ ಚೌ ಚಿತ್ರಗಳಲ್ಲಿ ಅವನಿಗೆ ದನಿಯಾದ ತೈವಾನಿನ ಕಲಾವಿದ ಷಿ ಬಾನ್ಯೂನ ಕೇಕೆ ನಗೆಯನ್ನೇ ಅಲ್ಲಿನ ಒಂದು ಪೀಳಿಗೆ ಚೌನ ನಗೆಯೆಂದು ಪ್ರೀತಿಸಿತು. ಯಾರನ್ನು ಕುರಿತು ಆ ಹಾಸ್ಯವಿತ್ತೋ ಅವರೇ ಅದನ್ನು ಎತ್ತಿಕೊಂಡರು. ಹಾಂಗ್‌ಕಾಂಗ್‌ನ ಟಿವಿ, ಸಿನಿಮಾಗಳಲ್ಲಿ ಬಹುಕಾಲ ಮುಖ್ಯಭೂಮಿಯವನೆಂದರೆ ಪೆದ್ದ, ಹಳ್ಳಿಗ. ಚೌ ಅದೇ ಹಳ್ಳಿಗನನ್ನು ತೆಗೆದುಕೊಂಡು ಅವನಿಗೆ ಕಲೆ, ಪ್ರೇಮ, ಧೈರ್ಯ ಕೊಟ್ಟ. ಪಳೆಯುಳಿಕೆಯ ಬೆಲೆ ಗೊತ್ತಿದ್ದ ಮೇಲಧಿಕಾರಿಯೇ ಕಳ್ಳನಾಗಿರುವ ಕಥೆಯಲ್ಲಿ ದೇಶವನ್ನು ನಿಜವಾಗಿ ನಂಬಿದವನು ಈ ಮಾಂಸ ಮಾರುವವನೊಬ್ಬನೇ. ಕೊನೆಗೆ ಅವನಿಗೆ ಚೀನಾದ ಹಿರಿಯ ನಾಯಕ ಡೆಂಗ್ ಶಿಯಾವೊಪಿಂಗ್ ಹೆಸರಿನಲ್ಲಿ ಬರುವ ಬಹುಮಾನವೂ ಒಂದು ಮಚ್ಚು. ಗಡಿಯಾಚೆಯ ಸಾಮಾನ್ಯ ಜನ ಅದರಲ್ಲಿ ತಮ್ಮನ್ನು ಕಂಡುಕೊಂಡಿರಬೇಕು. ಅಧಿಕಾರವನ್ನು ನೋಡಿ ನಗಬೇಕೆಂಬ ಆಸೆ ಅವರಿಗೂ ಇತ್ತಲ್ಲ.

ಇಂದು ಇಂಥ ಚಿತ್ರ ಹಾಂಗ್‌ಕಾಂಗ್‌ನಲ್ಲಿ ಹುಟ್ಟಲಾರದು ಎಂದೇ ನಾನು ಭಾವಿಸುತ್ತೇನೆ. 2021ರ ಅಕ್ಟೋಬರ್‌ನಲ್ಲಿ ಅಲ್ಲಿನ ಸೆನ್ಸಾರ್ ಕಾನೂನಿಗೆ ತಿದ್ದುಪಡಿಯಾಗಿ, ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಹಿಂದೆಯೇ ಅನುಮತಿ ಪಡೆದ ಚಿತ್ರದ ಪ್ರಮಾಣಪತ್ರವನ್ನೂ ಹಿಂತೆಗೆದುಕೊಳ್ಳುವ ಅಧಿಕಾರ ಸರ್ಕಾರಕ್ಕೆ ಬಂದಿದೆ. ಚೌನನ್ನು ‘ಶಾವೊಲಿನ್ ಸಾಕರ್’, ‘ಕುಂಗ್ ಫು ಹಸಲ್’ಗಳಿಂದ ಮಾತ್ರ ಬಲ್ಲ ನಮ್ಮ ಓದುಗರು ಈ ಹಳೆಯ ಚಿತ್ರವನ್ನೂ ಒಮ್ಮೆ ನೋಡಬೇಕು. ನೋಡುವುದಾದರೆ ಮೂಲ ಕ್ಯಾಂಟನೀಸ್‌ನಲ್ಲೇ ನೋಡಿ. ಗುಂಡಿಕ್ಕುವ ಆ ದೃಶ್ಯ ಬಂದಾಗ, ಅದನ್ನು ಮಾಡಿದ ವರ್ಷ ಯಾವುದೆಂದು ನೆನಪಿಟ್ಟುಕೊಳ್ಳಿ.