ಹೊಳೆ ದಾಟಿದ ಮೇಲೆ ಅಂಬಿಗ

ಮೇ ತಿಂಗಳು ಬಂತೆಂದರೆ ಇಂಗ್ಲೆಂಡಿನ ಫುಟ್‌ಬಾಲ್ ಅಭಿಮಾನಿಗಳಿಗೆ ಲೆಕ್ಕ ಹಾಕುವ ಕಾಲ. ಆಗಸ್ಟ್‌ನಲ್ಲಿ ತೊಡಗಿದ ಆಟದ ಋತು ಮುಗಿಯುತ್ತದೆ. ಪ್ರೀಮಿಯರ್ ಲೀಗ್‌ನ ಇಪ್ಪತ್ತು ತಂಡಗಳಲ್ಲಿ ಒಂದು ಕಿರೀಟ ಧರಿಸಿದರೆ, ಅಂಕಪಟ್ಟಿಯ ಕೊನೆಯ ಮೂರು ಕೆಳದರ್ಜೆಗೆ ಇಳಿಯುತ್ತವೆ. ಆಟ ನಿಂತರೂ ಮಾತು ನಿಲ್ಲುವುದಿಲ್ಲ. ಯಾವ ಆಟಗಾರನನ್ನು ಮಾರಬೇಕು, ಯಾರನ್ನು ಕೊಳ್ಳಬೇಕು, ಮ್ಯಾನೇಜರನ್ನು ಉಳಿಸಿಕೊಳ್ಳಬೇಕೆ, ಕಳುಹಿಸಬೇಕೆ? ಇದೇ ಚರ್ಚೆ. ರಾತ್ರಿ ನಿದ್ದೆಗೆಟ್ಟು ಈ ಪಂದ್ಯಗಳನ್ನು ನೋಡುವ ಯುವಕರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಅವರ ಮಾತು ಹಿರಿಯರಿಗೆ ವ್ಯರ್ಥ ಹರಟೆಯೆನಿಸಬಹುದು. ಆದರೆ ಆ ಹರಟೆಯೊಳಗೆ ಹಳೆಯದೊಂದು ನೈತಿಕ ಪ್ರಶ್ನೆ ಅಡಗಿದೆ: ನಮಗೆ ಒಳಿತನ್ನು ಮಾಡಿದವನು ಮುಂದೆ ಸೋಲತೊಡಗಿದಾಗ, ಅವನಿಗೆ ನಾವು ಸಲ್ಲಿಸಬೇಕಾದದ್ದು ಏನು?

ಈ ಪ್ರಶ್ನೆಯನ್ನು ಲೆಸ್ಟರ್ ಸಿಟಿಯ ಕಥೆಯಷ್ಟು ನಿಚ್ಚಳವಾಗಿ ಎತ್ತುವ ಇನ್ನೊಂದು ಪ್ರಸಂಗವನ್ನು ನಾನರಿಯೆ. 1884ರಲ್ಲಿ ಹುಟ್ಟಿದ ಈ ಕ್ಲಬ್ ಒಮ್ಮೆಯೂ ಇಂಗ್ಲೆಂಡಿನ ಅಗ್ರ ಲೀಗ್ ಪ್ರಶಸ್ತಿಯನ್ನು ಗೆದ್ದಿರಲಿಲ್ಲ. 2015ರ ಜುಲೈಯಲ್ಲಿ ಇಟಲಿಯ ಕ್ಲಾಡಿಯೊ ರಾನಿಯೇರಿ ಮ್ಯಾನೇಜರ್ ಆಗಿ ಬಂದಾಗ ಮೂಗು ಮುರಿದವರೇ ಹೆಚ್ಚು. ಅದಕ್ಕೆ ಕಾರಣವೂ ಇತ್ತು. ಹಿಂದಿನ ವರ್ಷವಷ್ಟೇ ಅವರ ಕೈಯಲ್ಲಿದ್ದ ಗ್ರೀಸ್ ತಂಡ, ಫೆರೋ ದ್ವೀಪಗಳೆಂಬ ಪುಟ್ಟ ನಾಡಿನೆದುರು ತನ್ನ ನೆಲದಲ್ಲೇ ಸೋತು, ಅವರು ಕೆಲಸ ಕಳೆದುಕೊಂಡಿದ್ದರು. ಲೆಸ್ಟರ್ ಗೆಲ್ಲುವುದೆಂದು ಒಂದು ಪೌಂಡ್ ಪಣ ಕಟ್ಟಿದವರಿಗೆ ಐದು ಸಾವಿರ ಪೌಂಡ್ ಕೊಡುತ್ತೇವೆಂದು ಪಣದಂಗಡಿಗಳು ಸಾರಿದ್ದವು. ಅಂದರೆ ಆ ಗೆಲುವು ಅಸಾಧ್ಯವೆಂದೇ ಅರ್ಥ. ಅಸಾಧ್ಯವೆಂದದ್ದು 2016ರ ಮೇ 2ರಂದು ನಡೆದೇ ಹೋಯಿತು. ಋತು ಮುಗಿದಾಗ ಲೆಸ್ಟರ್ 81 ಅಂಕ ಗಳಿಸಿ, ಎರಡನೆಯ ಸ್ಥಾನದ ಆರ್ಸೆನಲ್‌ಗಿಂತ ಹತ್ತು ಅಂಕ ಮುಂದಿತ್ತು.

ಒಂಬತ್ತು ತಿಂಗಳು ಉರುಳಿದವು. ಅದೇ ತಂಡ ಪಟ್ಟಿಯ ಬುಡಕ್ಕೆ ಜಾರಿತು. 2017ರ ಫೆಬ್ರವರಿ 22ರಂದು ಯೂರೋಪಿನ ಚಾಂಪಿಯನ್ಸ್ ಲೀಗ್‌ನಲ್ಲಿ ಸೆವಿಲ್ಲಾ ಎದುರು 2-1ರಿಂದ ಸೋತಿತು. ಮರುದಿನ ರಾನಿಯೇರಿಯವರನ್ನು ಕೆಲಸದಿಂದ ತೆಗೆಯಲಾಯಿತು. ಆಗ ತಂಡವು ಕೆಳದರ್ಜೆಗೆ ಬೀಳುವ ಸ್ಥಾನಕ್ಕಿಂತ ಒಂದೇ ಅಂಕ ಮೇಲಿತ್ತು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ನೆನಪಾಗದೆ ಇರದು. ಜಗತ್ತಿನ ಎಷ್ಟೋ ಕಡೆ ಜನರು ಇದನ್ನು ಕೃತಘ್ನತೆಯೆಂದೇ ಬಗೆದರು. ಆದರೂ ಗಾದೆಯನ್ನು ಇಲ್ಲಿ ತುಸು ಎಚ್ಚರದಿಂದ ಬಳಸಬೇಕು. ಲೆಸ್ಟರ್ ಒಂದು ಹೊಳೆಯನ್ನು ದಾಟಿ ದಡದಲ್ಲಿ ವಿಶ್ರಮಿಸುತ್ತಿರಲಿಲ್ಲ. ಅದು ಇನ್ನೊಂದು ಹೊಳೆಯ ನಡುವೆ ಇತ್ತು, ದೋಣಿಗೆ ನೀರು ನುಗ್ಗುತ್ತಿತ್ತು. ದೋಣಿಯಲ್ಲಿ ಇದ್ದವರು ಕೋಟಿಗಟ್ಟಲೆ ಸಂಪಾದಿಸುವ ಆಟಗಾರರು ಮಾತ್ರವಲ್ಲ. ಕ್ಲಬ್ಬೊಂದು ಕೆಳದರ್ಜೆಗೆ ಇಳಿದಾಗ ದೂರದರ್ಶನ ಪ್ರಸಾರದ ಆದಾಯ ಕುಸಿಯುತ್ತದೆ. ಟಿಕೆಟ್ ಹರಿಯುವವರು, ಅಡುಗೆಮನೆಯವರು, ಕಚೇರಿಯ ಗುಮಾಸ್ತರು ಇವರ ಜೀವನೋಪಾಯಕ್ಕೂ ಆ ಬಿಸಿ ತಟ್ಟುವ ಸಂಭವ ಉಂಟು. ಹಳೆಯ ಉಪಕಾರದ ಋಣವನ್ನು ಹುದ್ದೆಯ ರೂಪದಲ್ಲಿ ತೀರಿಸಹೊರಟರೆ, ಆ ಋಣದ ಬಡ್ಡಿಯನ್ನು ಕಟ್ಟಬೇಕಾದವರು ಬೇರೆಯವರು. ಮನೆಯ ಯಜಮಾನನು ತನ್ನ ಕಿಸೆಯಿಂದ ದಾನ ಮಾಡಬಹುದು. ನೆರೆಯವನ ಕಿಸೆಯಿಂದ ಮಾಡಿದರೆ ಅದು ದಾನವಾಗದು.

ಆದುದರಿಂದ ಮಾಲೀಕರು ರಾನಿಯೇರಿಯವರನ್ನು ತೆಗೆದದ್ದನ್ನೇ ಪಾಪವೆಂದು ಹೇಳಲು ನನಗೆ ಮನಸ್ಸು ಬಾರದು. ನನ್ನನ್ನು ಕಾಡುವುದು ಬೇರೊಂದು ಸಂಗತಿ. ತೆಗೆಯುವುದಕ್ಕೆ ಕೇವಲ ಹದಿನಾರು ದಿನಗಳ ಮುಂಚೆ, ಫೆಬ್ರವರಿ 7ರಂದು, ತಮ್ಮ ಬೆಂಬಲವು ಅಚಲವೆಂದು ಕ್ಲಬ್ ಬಹಿರಂಗವಾಗಿ ಪ್ರಕಟಿಸಿತ್ತು. ಆ ಮಾತನ್ನು ಯಾರೂ ಬಲವಂತದಿಂದ ಆಡಿಸಿರಲಿಲ್ಲ. ಕೃತಜ್ಞತೆಯು ಹುದ್ದೆಯನ್ನು ಬೇಡಲಾರದು, ಆದರೆ ಸತ್ಯವನ್ನು ಬೇಡಬಲ್ಲದು. 'ನೀವು ಮಾಡಿದ್ದನ್ನು ನಾವು ಮರೆಯೆವು, ಆದರೆ ಭಯ ನಮ್ಮನ್ನು ಕಾಡುತ್ತಿದೆ' ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿದ್ದರೆ ಆ ವೃದ್ಧರಿಗೆ ನೋವಾಗುತ್ತಿತ್ತು, ಅವಮಾನವಾಗುತ್ತಿರಲಿಲ್ಲ.

ಮುಂದೆ ನಡೆದುದು ಇನ್ನೂ ಗೋಜಲಿನದು. ಸಹಾಯಕರಾಗಿದ್ದ ಕ್ರೇಗ್ ಶೇಕ್ಸ್‌ಪಿಯರ್ ಹೊಣೆ ಹೊತ್ತ ಕೂಡಲೇ ತಂಡ ಲಿವರ್‌ಪೂಲನ್ನು 3-1ರಿಂದ ಸೋಲಿಸಿತು. ಲೀಗ್‌ನಲ್ಲಿ ಸಾಲಾಗಿ ಐದು ಪಂದ್ಯಗಳನ್ನು ಗೆದ್ದು, ಕೊನೆಗೆ ಹನ್ನೆರಡನೆಯ ಸ್ಥಾನದಲ್ಲಿ ನಿಂತಿತು. ಹಾಗಾದರೆ ತೀರ್ಮಾನ ಸರಿಯಾಗಿತ್ತೆ? ಫಲ ಒಳ್ಳೆಯದಾದರೆ ಕೃತ್ಯವೂ ಒಳ್ಳೆಯದೇ ಎಂಬ ವಾದ ಸುಲಭದ್ದು. ಆದರೆ ಅದೇ ಗೆಲುವು ಇನ್ನೊಂದು ಅನುಮಾನವನ್ನೂ ಹುಟ್ಟಿಸಿತು. ನಿನ್ನೆಯವರೆಗೆ ಓಡಲಾರದ ಕಾಲುಗಳು ಇಂದು ಓಡಿದ್ದು ಹೇಗೆ? ಆಟಗಾರರೇ ಮಾಲೀಕರ ಬಳಿ ದೂರಿದರೆಂಬ ಸುದ್ದಿ ಹಬ್ಬಿತ್ತು. ಆಟಗಾರರು ಅದನ್ನು ಅಲ್ಲಗಳೆದರು. ಸತ್ಯ ಏನೇ ಇರಲಿ, ಹನ್ನೊಂದು ಮಂದಿಯ ಆಲಸ್ಯಕ್ಕೆ ಒಬ್ಬರ ಕುರ್ಚಿಯನ್ನು ತೆರುವುದು ಎಲ್ಲ ಸಂಸ್ಥೆಗಳಲ್ಲಿಯೂ ಕಾಣಸಿಗುವ ರೂಢಿ. ಹನ್ನೊಂದು ಮಂದಿಯನ್ನು ಒಂದೇ ದಿನ ಬದಲಿಸುವುದು ದುಬಾರಿ, ಒಬ್ಬನನ್ನು ಬದಲಿಸುವುದು ಅಗ್ಗ.

ಇನ್ನು ಆಟಗಾರರ ವರ್ಗಾವಣೆ. ನಮ್ಮಲ್ಲಿ ವರ್ಗಾವಣೆಯೆಂದರೆ ಶಾಲಾ ಮಾಸ್ತರರದು, ಪೊಲೀಸರದು. ಮೇಲಿನವರ ಆಜ್ಞೆ ಬಂದರೆ ಗಂಟುಮೂಟೆ ಕಟ್ಟಬೇಕು. ಫುಟ್‌ಬಾಲಿನಲ್ಲಿಯೂ ಹಿಂದೆ ಆಟಗಾರನ ಸ್ಥಿತಿ ಇದಕ್ಕಿಂತ ಕಷ್ಟವಾಗಿತ್ತು. ಒಪ್ಪಂದದ ಅವಧಿ ಮುಗಿದ ಮೇಲೂ ಹಳೆಯ ಕ್ಲಬ್ ಹಣ ಕೇಳಿ ಅವನನ್ನು ತಡೆಯಬಹುದಾಗಿತ್ತು. ಬೆಲ್ಜಿಯಂನ ಜಾನ್-ಮಾರ್ಕ್ ಬೋಸ್ಮನ್ ಎಂಬ ಸಾಧಾರಣ ಆಟಗಾರ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿ, 1995ರ ಡಿಸೆಂಬರಿನಲ್ಲಿ ಯೂರೋಪಿನ ನ್ಯಾಯಾಲಯದಿಂದ ತನ್ನಂಥವರಿಗೆ ಬಿಡುಗಡೆ ತಂದ. ಇದನ್ನು ಬಲ್ಲವರು ತಂಡ ಬಿಟ್ಟು ಹೋಗುವ ಪ್ರತಿಯೊಬ್ಬನನ್ನೂ ದ್ರೋಹಿಯೆಂದು ಕೂಗಲಾರರು. ಪ್ರಶಸ್ತಿ ಗೆದ್ದ ಬೇಸಿಗೆಯಲ್ಲಿಯೇ ಲೆಸ್ಟರಿನ ಎನ್‌ಗೊಲೊ ಕಾಂಟೆ ಚೆಲ್ಸಿಗೆ ಹೋದರು. ಅದೇ ಬೇಸಿಗೆಯಲ್ಲಿ ಜೇಮೀ ವಾರ್ಡಿ ಆರ್ಸೆನಲ್‌ನ ಕರೆಯನ್ನು ನಿರಾಕರಿಸಿ ಉಳಿದರು. ವಾರ್ಡಿಯ ನಿಷ್ಠೆಯನ್ನು ಮೆಚ್ಚಬಹುದು. ಆದರೆ ಅದು ಮೆಚ್ಚುಗೆಗೆ ಪಾತ್ರವಾಗುವುದು ಹೋಗುವ ಬಾಗಿಲು ತೆರೆದಿದ್ದರಿಂದಲೇ. ಅವರು 2025ರ ಮೇಯಲ್ಲಿ, ಲೆಸ್ಟರಿನ ಪರವಾಗಿ ತಮ್ಮ 500ನೆಯ ಪಂದ್ಯದಲ್ಲಿ 200ನೆಯ ಗೋಲು ಹೊಡೆದು ವಿದಾಯ ಹೇಳಿದರು. ಕ್ಲಬ್ ಆ ವರ್ಷ ಮತ್ತೆ ಕೆಳದರ್ಜೆಗೆ ಇಳಿದಿತ್ತು.

ಮ್ಯಾನೇಜರ್ ಹೋಗುತ್ತಾನೆ, ಆಟಗಾರ ಹೋಗುತ್ತಾನೆ, ಮಾಲೀಕ ಮಾರಿ ಹೋಗುತ್ತಾನೆ. ವರ್ಗಾವಣೆ ಇಲ್ಲದವನು ಅಭಿಮಾನಿಯೊಬ್ಬನೇ. ಲಿವರ್‌ಪೂಲ್ ವಿರುದ್ಧದ ಆ ರಾತ್ರಿ ಲೆಸ್ಟರಿನ ಜನರು ರಾನಿಯೇರಿಯ ಮುಖವಾಡಗಳನ್ನು ಹಿಡಿದು ಬಂದಿದ್ದರು. ಅವರನ್ನು ಕಳುಹಿಸಿದ ಮೇಲೆ ದೊರೆತ ಗೆಲುವಿಗೂ ಮನಸಾರೆ ಚಪ್ಪಾಳೆ ತಟ್ಟಿದರು. ಇದು ಕಪಟವೆಂದು ಕೆಲವರು ಹೇಳಿಯಾರು. ನನಗೆ ಹಾಗೆನಿಸದು. ಹೋದವರ ಋಣ, ಇರುವವರ ಹಿತ ಇವೆರಡನ್ನೂ ಒಂದೇ ಎದೆಯಲ್ಲಿ ಹೊರಬಲ್ಲವರು ಅಲ್ಲಿ ಅವರೊಬ್ಬರೇ ಇದ್ದರು.

2021ರ ನವೆಂಬರ್ 28ರಂದು ರಾನಿಯೇರಿ ಎದುರಾಳಿ ವಾಟ್‌ಫರ್ಡ್ ತಂಡದ ಮ್ಯಾನೇಜರಾಗಿ ಲೆಸ್ಟರಿನ ಮೈದಾನಕ್ಕೆ ಬಂದರು. ಅಂದು ಹಿಮ ಸುರಿಯುತ್ತಿತ್ತು. ಊರಿನ ಜನರು ಅವರನ್ನು ಪ್ರೀತಿಯಿಂದ ಬರಮಾಡಿಕೊಂಡರು. ಬಳಿಕ ಆಟ ನಡೆಯಿತು. ಲೆಸ್ಟರ್ 4-2ರಿಂದ ಗೆದ್ದಿತು. ಎರಡು ತಿಂಗಳು ಕಳೆಯುವ ಮೊದಲೇ ವಾಟ್‌ಫರ್ಡ್ ಕೂಡ ಅವರನ್ನು ತೆಗೆದುಹಾಕಿತು.