ಪೂರ್ವಜರ ಬಾಯಲ್ಲಿ ನಮ್ಮ ಮಾತು

ನಿವೃತ್ತಿಯ ಬಳಿಕ ಹತ್ತು ವರ್ಷ ಮನೆತನದ ಹಳೆಯ ಪತ್ರಗಳನ್ನು ಹುಡುಕಿ ವಂಶಾವಳಿ ಬರೆದೆ. ಈಗ ಎಪ್ಪತ್ತರ ಅಂಚಿನಲ್ಲಿ ಅದನ್ನೇ ಕಾದಂಬರಿಯಾಗಿಸಲು ಕುಳಿತಾಗ ಲೇಖನಿಯು ಒಂದು ದಾನಪತ್ರದ ಬಳಿ ನಿಂತುಬಿಟ್ಟಿತು.

ನಮ್ಮ ಮನೆತನದ ವಿಧವೆಯೊಬ್ಬಳು ತನ್ನ ಪಾಲಿನ ಗದ್ದೆಯನ್ನು ಬಸದಿಗೆ ಬಿಟ್ಟುಕೊಟ್ಟ ಪತ್ರವದು. ಬರೆಸಿದವನು ಮೈದುನ; ಅವಳದು ಹೆಬ್ಬೆಟ್ಟಿನ ಗುರುತು ಮಾತ್ರ. ಸಂತೋಷದಿಂದ ಕೊಟ್ಟಳೆಂದು ಪತ್ರ ಹೇಳುತ್ತದೆ. ಅಳುತ್ತ ಕೊಟ್ಟಳೆಂದು ನನ್ನ ಅಜ್ಜಿ ಹೇಳುತ್ತಿದ್ದರು. ಕಾದಂಬರಿಯಲ್ಲಿ ಅವಳು ಮಾತನಾಡಲೇಬೇಕು. ಯಾವ ಮಾತು?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಎರಡು ನನ್ನನ್ನು ಕಾಡಿದವು. ಒಂದು ಕೂಟಲೇಖಕ್ರಿಯೆ: ಒಬ್ಬರು ಆಡದುದನ್ನು ಆಡಿದರೆಂದು ಬರೆಯುವುದು. ಪೂಜ್ಯಪಾದರ ಸರ್ವಾರ್ಥಸಿದ್ಧಿಯು ಇದನ್ನು ವಿವರಿಸುವಾಗ ವಂಚನೆಯ ನಿಮಿತ್ತವನ್ನು ಸೇರಿಸುತ್ತದೆ. ನನಗೆ ಸಮಾಧಾನ ದೊರೆತದ್ದು ಇಲ್ಲಿ. 10ನೆಯ ಶತಮಾನದಲ್ಲಿ ಪಂಪನು ಅರಿಕೇಸರಿಯನ್ನು ಅರ್ಜುನನಾಗಿಸಿದಾಗ ಯಾವ ಸಹೃದಯನೂ ಮೋಸಹೋಗಲಿಲ್ಲ. ತಮ್ಮ ವಂಶದ ವಿವರಗಳನ್ನು ಅವನ ಸೋದರ ಜಿನವಲ್ಲಭನು ಕುರ್ಕ್ಯಾಲದ ಬಂಡೆಯ ಮೇಲೆ ಬೇರೆಯಾಗಿಯೇ ಕೆತ್ತಿಸಿದನು. ಕಾವ್ಯ ಕಾವ್ಯವಾಗಿ, ಶಾಸನ ಶಾಸನವಾಗಿ ಉಳಿದವು.

ಆದರೆ ಎಲ್ಲೆಡೆ ಹಾಗಾಗುವುದಿಲ್ಲ. 1976ರಲ್ಲಿ ಅಮೆರಿಕೆಯ ಅಲೆಕ್ಸ್ ಹೇಲಿಯವರು ತಾಯಿಯ ಕಡೆಯ ಪೂರ್ವಜರ ಕಥೆಯಾದ ‘ರೂಟ್ಸ್’ ಪ್ರಕಟಿಸಿದರು. ಸಂಭಾಷಣೆಗಳು ಬಹುಪಾಲು ಕಲ್ಪಿತವೆಂದು ಗ್ರಂಥದಲ್ಲಿಯೇ ಒಪ್ಪಿದ್ದರೂ ಲಕ್ಷಾಂತರ ಜನ ಅದನ್ನು ಚರಿತ್ರೆಯೆಂದೇ ಓದಿದರು. ಅನಂತರ ವಂಶಾವಳಿ ಸಂಶೋಧಕರು ದಾಖಲೆಗಳೊಂದಿಗೆ ಅದು ಹೊಂದುವುದಿಲ್ಲವೆಂದು ಆಕ್ಷೇಪಿಸಿದರು. ನಮ್ಮ ಬಸದಿಗಳ ಸ್ಮರಣ ಸಂಚಿಕೆಗಳಲ್ಲಿಯೂ ಇಂದಿನ ಕಥೆ ನಾಳೆಯ ಇತಿಹಾಸವಾಗುವುದು ಕಷ್ಟವೇನಲ್ಲ!

ಎರಡನೆಯದು ರಹೋಭ್ಯಾಖ್ಯಾನ, ಏಕಾಂತದ ಸಂಗತಿಯನ್ನು ಬಯಲಿಗೆಳೆಯುವುದು. ಇದಕ್ಕೆ ಅಷ್ಟು ಸುಲಭದ ಪರಿಹಾರ ಕಾಣಲಿಲ್ಲ. ಆ ಮೈದುನನ ಮರಿಮಕ್ಕಳು ಪರ್ವದ ದಿನಗಳಲ್ಲಿ ನನ್ನ ಪಕ್ಕದಲ್ಲಿಯೇ ಕುಳಿತು ಪೂಜೆ ನೋಡುವವರು. ಅವನನ್ನು ದುಷ್ಟನಾಗಿ ಚಿತ್ರಿಸಿದರೆ ಉತ್ತರ ಕೊಡಲು ಅವನಿಲ್ಲ. ಅವಳು ನಗುತ್ತ ಕೊಟ್ಟಳೆಂದು ಬರೆದರೆ, ಅವಳ ಹೆಬ್ಬೆಟ್ಟನ್ನು ನಾನು ಎರಡನೆಯ ಸಲ ಒತ್ತಿಸಿಕೊಂಡಂತೆ. ಇನ್ನೂ ಒಂದನ್ನು ಒಪ್ಪಿಕೊಳ್ಳಬೇಕು: ಆ ಗದ್ದೆ ನಮ್ಮ ಕವಲಿಗೆ ಬರಬೇಕಿತ್ತೆಂಬ ಮುನಿಸು ನನ್ನೊಳಗೂ ಇದೆ. ಕಷಾಯದಿಂದ ಹುಟ್ಟಿದ ಮಾತು, ನಿಜವೇ ಆಗಿದ್ದರೂ, ನಿರ್ದೋಷವಾಗುವುದೆ?

ಊರು, ಹೆಸರುಗಳನ್ನು ಬದಲಿಸಿದೆ. ಇದು ಕಲ್ಪಿತವೆಂದು ಮೊದಲ ಪುಟದಲ್ಲಿಯೇ ಬರೆದೆ. ಪತ್ರದ ಪ್ರತಿಯನ್ನೂ ಅಜ್ಜಿಯ ಮಾತನ್ನೂ, ಇದ್ದುದು ಇದ್ದಂತೆ, ಬಸದಿಯ ದಫ್ತರಕ್ಕೆ ಬೇರೆಯಾಗಿ ಒಪ್ಪಿಸಿದೆ. ನೋಂದಣಿ ಕಚೇರಿಯ ಒಳಗಿನ ಆ ಗಳಿಗೆಯನ್ನು ಮಾತ್ರ ಬರೆದಿಲ್ಲ. ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅವಳು ಮೆಟ್ಟಿಲಿಳಿಯುವಲ್ಲಿಂದ ಅಧ್ಯಾಯ ಆರಂಭವಾಗುತ್ತದೆ.